ಖನಿಜದ ಡಾಕ್ಟರು

ಅಜ್ಜಂಪುರದ ಜನ ಓಂಕಾರೇಶನನ್ನು ಎದುರಿಗೆ ಡಾಕ್ಟ್ರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಸಕ್ಕರೆಗುಳಿಗೆ ಓಂಕಾರಿ ಎನ್ನುತ್ತಿದ್ದರು. ಎರಡೂ ಅವನ ಕಿವಿಗೆ ಬೀಳುತ್ತಿದ್ದವು. ಮೊದಲನೆಯದು ಕೇಳಿದ ಮರುಗಳಿಗೆಯೇ ಮರೆತುಹೋಗುತ್ತಿತ್ತು. ಎರಡನೆಯದು ಐವತ್ತು ದಾಟಿದ ಮೇಲೂ ಅರಗಿರಲಿಲ್ಲ.

ತಂದೆ ತೀರ್ಥಪ್ಪ ಕೊಬ್ಬರಿ ವ್ಯಾಪಾರಿ, ಮಠದ ಕೆಲಸಗಳಲ್ಲಿ ಮುಂದೆ ನಿಲ್ಲುವ ಮನುಷ್ಯ. ಮನೆಯಲ್ಲೊಬ್ಬ ಡಾಕ್ಟರಾಗಬೇಕು ಎಂಬುದು ಅವರ ಹಟ. ಮೆಡಿಕಲ್ ಸೀಟು ಸ್ವಲ್ಪದರಲ್ಲಿ ತಪ್ಪಿತು, ಮಗ ಹೋಮಿಯೋಪತಿ ಕಾಲೇಜು ಸೇರಿದ. ಪದವಿ ಮುಗಿಸಿ ಬಂದವನನ್ನು ತೀರ್ಥಪ್ಪ ಮಠಕ್ಕೆ ಕರೆದುಕೊಂಡು ಹೋಗಿ, "ನಮ್ ಹುಡುಗ, ಡಾಕ್ಟ್ರು" ಎಂದು ಸಿಕ್ಕಿದವರಿಗೆಲ್ಲ ತೋರಿಸಿದರು. ಯಾರೋ "ಯಾವ ಡಾಕ್ಟ್ರು?" ಎಂದು ಕೇಳಿದಾಗ ಅವರ ದನಿ ಇಳಿಯಿತು. "ಹೋಮಿಯೋಪತಿ" ಎಂದದ್ದು ಕೇಳಿದವನಿಗೇ ಸರಿಯಾಗಿ ಕೇಳಿಸಲಿಲ್ಲ, ಹಿಂದೆ ನಿಂತಿದ್ದ ಮಗನಿಗೆ ಚೆನ್ನಾಗಿ ಕೇಳಿಸಿತು. ತೀರ್ಥಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಇಳಿದ ದನಿ ಮಾತ್ರ ಓಂಕಾರೇಶನ ಜೊತೆಯಲ್ಲೇ ಉಳಿದುಬಿಟ್ಟಿತು.

ಹೋಮಿಯೋಪತಿ ನಿಜವೋ ಸುಳ್ಳೋ ಎಂಬ ಜಗಳವನ್ನು ಇಲ್ಲಿ ಎತ್ತುವುದು ಬೇಡ, ಅದಕ್ಕೆ ಬಸ್ ಸ್ಟ್ಯಾಂಡಿನ ಹೋಟೆಲುಗಳಿವೆ. ಓಂಕಾರೇಶ ಮೋಸಗಾರನಲ್ಲ ಎಂದು ಹೇಳಿದರೆ ಸಾಕು. ಬಂದವರನ್ನು ಕೂರಿಸಿಕೊಂಡು ತಾಳ್ಮೆಯಿಂದ ಮಾತು ಕೇಳುತ್ತಿದ್ದ. ಸೊಸೆಯೂ ಕೇಳದ, ಮಗನೂ ಕೇಳದ ಮುದುಕಿಯರ ಮಾತನ್ನು ಈ ಡಾಕ್ಟರು ತಲೆಯಾಡಿಸುತ್ತ ಕೇಳುತ್ತಾರಲ್ಲ ಎಂದು ಅಮೃತಾಪುರದಿಂದ ಎರಡು ಬಸ್ಸು ಬದಲಾಯಿಸಿ ಬರುವವರಿದ್ದರು. ಅಷ್ಟಕ್ಕೇ ನಿಂತಿದ್ದರೆ ಮರ್ಯಾದೆಯಾಗಿ ಬಾಳಿಕೊಂಡು ಹೋಗುತ್ತಿದ್ದ. ಆದರೆ ನಡುವಯಸ್ಸಿನಲ್ಲಿ ಅವನಿಗೊಂದು ಗೀಳು ಹತ್ತಿತು.

ಬೇರೆ ಯಾರೂ ಮುಟ್ಟದ ಖನಿಜದ ಔಷಧಿಗಳ ಗೀಳು ಅದು. ಅವನ ಶಾಸ್ತ್ರದಲ್ಲಿ ಗಿಡದಿಂದ ಆದ ಔಷಧಿಗಳಿವೆ, ಕಲ್ಲು, ಲೋಹ, ಉಪ್ಪುಗಳಿಂದ ಆದವೂ ಇವೆ. ಸುಣ್ಣ, ಗಂಧಕ, ಅಡುಗೆ ಉಪ್ಪು, ಕಬ್ಬಿಣ ಇವುಗಳಿಂದ ಮಾಡಿದವು ಎಲ್ಲ ಡಾಕ್ಟರ ಬೀರುವಿನಲ್ಲೂ ಇರುತ್ತವೆ. ಓಂಕಾರೇಶನಿಗೆ ಅವು ರುಚಿಸುತ್ತಿರಲಿಲ್ಲ. ಸ್ಟ್ರಾನ್ಷಿಯಮ್ ಕಾರ್ಬ್, ನಿಕ್ಕೋಲಮ್, ಲ್ಯಾಪಿಸ್ ಆಲ್ಬಸ್ ಎಂದು ನಾಲಿಗೆ ಹೊರಳಿಸಿ ಹೇಳುವಾಗಲೇ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಎಲ್ಲರ ಬಳಿ ಇರುವುದನ್ನು ಕೊಟ್ಟರೆ ಅವನು ಸಕ್ಕರೆಗುಳಿಗೆಯವನು, ಯಾರ ಬಳಿಯೂ ಇಲ್ಲದ್ದನ್ನು ಕೊಟ್ಟರೆ ಪಂಡಿತ. ಇದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ, ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ.

ತಿಂಗಳಿಗೊಮ್ಮೆ ತರೀಕೆರೆಯಲ್ಲಿ ಸುತ್ತಲಿನ ಹೋಮಿಯೋಪತಿ ಡಾಕ್ಟರುಗಳು ಒಂದು ಮಹಡಿ ಮೇಲಿನ ಹಾಲಿನಲ್ಲಿ ಸೇರುತ್ತಿದ್ದರು. ತಾವು ವಾಸಿ ಮಾಡಿದ ಕೇಸುಗಳನ್ನು ಒಬ್ಬೊಬ್ಬರು ಹೇಳಬೇಕು, ಉಳಿದವರು ಕೇಳಬೇಕು, ಆಮೇಲೆ ಉಪ್ಪಿಟ್ಟು. ಇದನ್ನು ನಡೆಸುತ್ತಿದ್ದವರು ಮೃತ್ಯುಂಜಯ ಎಂಬ ಹಿರಿಯ ಡಾಕ್ಟರು. ಓಂಕಾರೇಶನಿಗೆ 'ನಮ್ಮ ಖನಿಜದ ಡಾಕ್ಟರು' ಎಂದು ಹೆಸರಿಟ್ಟವರೂ ಅವರೇ. ಆ ಹೆಸರನ್ನು ಮೊದಲ ಸಲ ಮೈಕಿನಲ್ಲಿ ಕೇಳಿದ ದಿನ ಓಂಕಾರೇಶ ಮನೆಗೆ ಬಂದು ಹೆಂಡತಿ ಸೌಮ್ಯಳಿಗೆ ಎರಡು ಸಲ ಹೇಳಿದ. ಅವಳು ಎರಡು ಸಲವೂ "ಹೌದೇನ್ರೀ" ಎಂದಳು.

ಇನ್ನು ಅವನ ಕಸುಬಿನ ಒಂದು ರೀತಿಯನ್ನು ಹೇಳಿಬಿಡಬೇಕು, ಏಕೆಂದರೆ ಅವನು ಎಡವಿದ್ದು ಅಲ್ಲೇ. ಸುಸ್ತು, ತಲೆಸುತ್ತು, ಏದುಸಿರು ಇವೆಲ್ಲ ಎಲ್ಲರಿಗೂ ಬರುವ ಲಕ್ಷಣಗಳು. ಇವುಗಳಿಂದ ಔಷಧಿ ಗೊತ್ತಾಗುವುದಿಲ್ಲ ಎನ್ನುತ್ತದೆ ಅವನ ಶಾಸ್ತ್ರ. ಈ ರೋಗಿಯೊಬ್ಬನಿಗೇ ಇರುವ ವಿಚಿತ್ರವೇನು, ಯಾರೂ ಹೇಳದ ಬಯಕೆ ಯಾವುದು, ಅದನ್ನು ಹಿಡಿಯಬೇಕು. ಔಷಧಿ ಕೊಟ್ಟ ಮೇಲೆ ಕಾಯಿಲೆ ಸ್ವಲ್ಪ ಹೆಚ್ಚಾದರೆ ಹೆದರಬೇಕಿಲ್ಲ. ಅದಕ್ಕೆ ಉಲ್ಬಣ ಎಂದು ಹೆಸರು, ಔಷಧಿ ಸರಿಯಾಗಿ ತಾಗಿದೆ ಎಂಬುದಕ್ಕೆ ಗುರುತು. ಹೀಗೆ ನೋಡಿದರೆ ಡಾಕ್ಟರು ಸೋಲುವುದೇ ಕಷ್ಟ.

ವಾರಕ್ಕೊಂದು ದಿನ ಓಂಕಾರೇಶ ಕಡೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂರುತ್ತಿದ್ದ. ಸಿಂಗಟಗೆರೆಯ ದ್ಯಾಮಮ್ಮ ಬಂದದ್ದು ಅಲ್ಲಿಗೆ. ಊರಿನ ಅಂಗನವಾಡಿಯಲ್ಲಿ ಸಹಾಯಕಿ, ನಲವತ್ತರ ಆಚೆ ಈಚೆ. ಗಂಡ ಅಂಜಿನಪ್ಪ ತೆಂಗಿನಕಾಯಿ ಸುಲಿಯುವ ಕೆಲಸದವನು. ಕಡೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಮಗಳು ಅನಿತಾ ತಾಯಿಯನ್ನು ಕರೆತಂದಿದ್ದಳು.

"ಸುಸ್ತು ಸ್ವಾಮಿ. ನಾಕು ಹೆಜ್ಜೆ ಇಟ್ರೆ ಎದೆ ಹೊಡ್ಕಂತದೆ" ಎಂದಳು ದ್ಯಾಮಮ್ಮ. "ತಿಂಗಳ ಮುಟ್ಟೂ ನೆಟ್ಟಗಿಲ್ಲ. ಬಂದ್ರೆ ನಿಲ್ಲಾಕಿಲ್ಲ."

ಓಂಕಾರೇಶ ಬರೆದುಕೊಂಡ. ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದ, ಬಿಳಿಚಿತ್ತು. ಉಗುರು ನೋಡಿದ, ನಡುವೆ ತಗ್ಗುಬಿದ್ದಿತ್ತು. ಕಾಲೇಜಿನ ಎರಡನೇ ವರ್ಷದ ಹುಡುಗನೂ ಹೇಳುತ್ತಾನೆ, ಇದು ರಕ್ತ ಕಮ್ಮಿಯಾಗಿರುವುದು ಎಂದು. ಓಂಕಾರೇಶನಿಗೂ ಅದು ಗೊತ್ತಾಯಿತು. ಗೊತ್ತಾದದ್ದನ್ನು ಪಕ್ಕಕ್ಕಿಟ್ಟ. ಇದೆಲ್ಲ ಎಲ್ಲ ಹೆಂಗಸರಿಗೂ ಇರುವುದು, ಇವಳಿಗೊಬ್ಬಳಿಗೇ ಇರುವುದು ಏನು ಎಂದು ಅವನ ಮನಸ್ಸು ಮುಂದಕ್ಕೆ ಓಡುತ್ತಿತ್ತು.

"ತಿನ್ನೋದ್ರಲ್ಲಿ ಏನಾದ್ರೂ ವಿಶೇಷ ಆಸೆ ಇದೆಯಾಮ್ಮ? ಹುಳಿ, ಖಾರ, ಸಿಹಿ?"

ದ್ಯಾಮಮ್ಮ ಮಗಳ ಕಡೆ ನೋಡಿದಳು, ನೆಲ ನೋಡಿದಳು. ಓಂಕಾರೇಶ ಅನಿತಾಳನ್ನು ಹೊರಗೆ ಕೂರಲು ಹೇಳಿದ.

"ನಾಚ್ಕೋಬೇಡಿ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ."

ಸೆರಗನ್ನು ಬಾಯಿಗೆ ಅಡ್ಡ ಹಿಡಿದು ದ್ಯಾಮಮ್ಮ ಹೇಳಿದಳು. ಬಳಪ ತಿನ್ನುತ್ತಾಳೆ. ಅಂಗನವಾಡಿಯ ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಬಳಪ. ಮೊದಮೊದಲು ಮುರಿದು ಬಿದ್ದ ಚೂರುಗಳನ್ನು ತಿನ್ನುತ್ತಿದ್ದಳು. ಈಗ ಡಬ್ಬಿಯಿಂದಲೇ ತೆಗೆಯುತ್ತಾಳೆ. ಮಕ್ಕಳು ಬಳಪ ಕೇಳಿದರೆ ಖಾಲಿಯಾಯ್ತು ಎನ್ನುತ್ತಾಳೆ. ಬಳಪ ಸಿಗದ ದಿನ ಹಿತ್ತಿಲ ಗೋಡೆಯ ಮಣ್ಣು ಕೆರೆಯುತ್ತಾಳೆ.

"ಮಕ್ಳ ಬಾಯಿಂದ ಕಿತ್ಕಂಡಂಗೆ ಆಯ್ತದೆ ಸ್ವಾಮಿ. ಆದ್ರೂ ತಡೀಯಾಕಾಗಲ್ಲ. ಇದ ಯಾರ್ತಾವೂ ಹೇಳಿಲ್ಲ, ನಮ್ಮನೆಯೋರ್ಗೂ ಗೊತ್ತಿಲ್ಲ."

ಅವಳು ಅಳುತ್ತಿದ್ದಳು. ಓಂಕಾರೇಶನ ಮೈಯಲ್ಲಿ ಸಂತೋಷ ಹರಿದಾಡುತ್ತಿತ್ತು. ಇದನ್ನು ಬರೆಯುವುದಕ್ಕೆ ಸಂಕಟವಾಗುತ್ತದೆ, ಆದರೆ ಆದದ್ದು ಹಾಗೆಯೇ. ಬಳಪ, ಮಣ್ಣು! ಅವನಿಗೆ ಕೂತಲ್ಲೇ ಹೊಳೆಯಿತು, ಅಲ್ಯುಮಿನಾ ಸಿಲಿಕೇಟಾ. ಜೇಡಿಮಣ್ಣಿನ ಜಾತಿಯ ಕಲ್ಲಿನಿಂದ ಮಾಡಿದ್ದು, ಇಡೀ ಜಿಲ್ಲೆಯಲ್ಲಿ ಯಾರೂ ಕೊಟ್ಟಿರಲಾರರು. ಮಣ್ಣು ಬೇಡುವ ದೇಹಕ್ಕೆ ಮಣ್ಣಿನದೇ ಸೂಕ್ಷ್ಮ ಔಷಧಿ. ತರೀಕೆರೆಯ ಹಾಲಿನಲ್ಲಿ ಇದನ್ನು ಹೇಳುವ ಮಾತುಗಳು ಅವನ ತಲೆಯಲ್ಲಿ ಆಗಲೇ ಸಾಲುಗಟ್ಟುತ್ತಿದ್ದವು. ಕಬ್ಬಿಣ ಎಂಬುದೂ ಒಂದು ಖನಿಜವೇ, ಆದರೆ ಅದನ್ನು ಹೇಳಿ ಚಪ್ಪಾಳೆ ತಟ್ಟಿಸಿಕೊಂಡವರು ಯಾರಿದ್ದಾರೆ.

ಗುಳಿಗೆ ಕಟ್ಟಿಕೊಡುವಾಗ ಕೇಳಿದ: "ಬೇರೆ ಏನಾದ್ರೂ ಮಾತ್ರೆ ತಗೊಳ್ತಿದೀರಾ?"

"ಆಸ್ಪತ್ರೇಲಿ ಕೆಂಪ್ ಮಾತ್ರೆ ಕೊಟ್ಟವ್ರೆ, ರಕ್ತ ಬರಾಕೆ ಅಂತ. ಹೊಟ್ಟೆ ತೊಳಸ್ತದೆ, ಆದ್ರೂ ನುಂಗ್ತೀನಿ."

ಇಲ್ಲಿ ಒಂದು ಕ್ಷಣ ಅವನು ತಡೆದ. ಆ ಕ್ಷಣವನ್ನು ಆಮೇಲೆ ಎಷ್ಟು ಸಲ ನೆನೆದನೋ. ಎರಡೂ ಒಟ್ಟಿಗೆ ತೆಗೆದುಕೊಂಡರೆ ಯಾವುದರಿಂದ ವಾಸಿಯಾಯಿತು ಎಂದು ಹೇಗೆ ಹೇಳುವುದು? ಹಾಲಿನಲ್ಲಿ ಯಾರಾದರೂ ಎದ್ದು ನಿಂತು ಕೇಳಿದರೆ?

"ಅದನ್ನ ನಿಲ್ಸಿಬಿಡಿ" ಎಂದ. "ಈರುಳ್ಳಿ, ಬೆಳ್ಳುಳ್ಳಿ, ಕಾಫಿ ಬೇಡ. ಆ ಕೆಂಪು ಮಾತ್ರೇನೂ ಬೇಡ. ನಮ್ಮ ಔಷಧಿ ಒಂದೇ ಕೆಲಸ ಮಾಡ್ಲಿ."

ದ್ಯಾಮಮ್ಮ ಕೈಮುಗಿದಳು. ಹೊಟ್ಟೆ ತೊಳಸುವ ಮಾತ್ರೆ ನಿಂತದ್ದು ಅವಳಿಗೆ ದೊಡ್ಡ ಉಪಕಾರವಾಗಿತ್ತು. ಮಾತ್ರೆ ನುಂಗು ಎಂದು ದಿನಾ ಕಾಡುವ ಮಗಳಿಗೆ ಮಾತ್ರ ಇದನ್ನು ಹೇಳುವುದು ಬೇಡ ಎಂದುಕೊಂಡಳು.

ಮುಂದಿನ ಸಲ ಒಬ್ಬಳೇ ಬಂದಾಗ ಅವಳ ಮುಖ ಇನ್ನೂ ಬಾಡಿತ್ತು. ಓಂಕಾರೇಶ ಸುಸ್ತಿನ ವಿಷಯ ಕೇಳಲೇ ಇಲ್ಲ. "ಬಳಪ?" ಎಂದ, ಮೇಜಿನ ಮೇಲೆ ಬಗ್ಗಿ. ಅವಳು ಅವನ ಮುಖ ನೋಡಿದಳು. ಪರೀಕ್ಷೆಯ ಫಲಿತಾಂಶ ನೋಡಲು ಬಂದ ಹುಡುಗನ ಮುಖದ ಹಾಗಿತ್ತು ಅದು.

"ಬಿಟ್ಟೆ ಸ್ವಾಮಿ" ಎಂದಳು.

"ಪೂರ್ತಿ?"

"ಪೂರ್ತಿ. ಈಗ ಕಂಡ್ರೇನೇ ಆಗಲ್ಲ."

ಸುಸ್ತು ಹೆಚ್ಚಾಗಿದೆ ಎಂದು ಅವಳೇ ಹೊರಡುವಾಗ ಮೆಲ್ಲಗೆ ಹೇಳಿದಳು. ಅದು ಒಳ್ಳೆಯದೇ ಎಂದು ಓಂಕಾರೇಶ ವಿವರಿಸಿದ. ಕಾಯಿಲೆ ಹೊರಗೆ ಹೋಗುವಾಗ ಒಂದು ಸಲ ಜಾಡಿಸಿಯೇ ಹೋಗುತ್ತದೆ, ಹೆದರಬೇಡಿ ಎಂದ. ದ್ಯಾಮಮ್ಮ ಹೆದರಲಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿದಳು.

ಆ ತಿಂಗಳು ತರೀಕೆರೆಯಲ್ಲಿ ಓಂಕಾರೇಶನದೇ ಸಭೆ. ಹೆಸರು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದೆ ಉಳಿಸಿಕೊಂಡ. ಉಳಿದದ್ದನ್ನೆಲ್ಲ ಹೇಳಿದ. ಬಳಪದ ಡಬ್ಬಿ ಖಾಲಿಯಾಗುತ್ತಿದ್ದದ್ದು, ಮಕ್ಕಳು ಕೈಕಟ್ಟಿಕೊಂಡು ಕೂರುತ್ತಿದ್ದದ್ದು, ಹೆಂಗಸು ಸೆರಗು ಬಾಯಿಗೆ ಹಿಡಿದದ್ದು. "ನಮ್ಮೂರ ಮಕ್ಕಳು ಅಕ್ಷರ ಕಲೀದೆ ಇರೋದಕ್ಕೆ ಸರ್ಕಾರನ ಬೈತೀವಿ. ಬಳಪ ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಲ್ಲ" ಎಂದಾಗ ಹಾಲೆಲ್ಲ ನಕ್ಕಿತು. ತಾನು ಇಷ್ಟು ಚೆನ್ನಾಗಿ ಮಾತಾಡಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ. ಕೊನೆಗೆ ಔಷಧಿಯ ಹೆಸರು ಹೇಳಿ ಸುಮ್ಮನಾದ. ಮೃತ್ಯುಂಜಯ ಡಾಕ್ಟರು ಎದ್ದು ಬಂದು ಬೆನ್ನು ತಟ್ಟಿದರು. ಈ ಕೇಸನ್ನು ದಾವಣಗೆರೆಯ ದೊಡ್ಡ ಸಭೆಯಲ್ಲಿ ಹೇಳಬೇಕು ಎಂದರು.

ಅದಾದ ಮೇಲೆ ಬಹಳ ದಿನವೇನೂ ಆಗಲಿಲ್ಲ. ಒಂದು ಬೆಳಿಗ್ಗೆ ಅನಿತಾಳ ಫೋನು ಬಂತು.

"ಸಾರ್, ಅವ್ವ ಅಂಗನವಾಡೀಲಿ ಬಿದ್ಬಿಟ್ಟವ್ಳೆ. ಕಡೂರಿಗೆ ತಂದಿದೀವಿ, ಆಸ್ಪತ್ರೇಲಿ ಅವ್ಳೆ. ನಮ್ ಡಾಕ್ಟ್ರಿಗೆ ಫೋನ್ ಮಾಡು, ನಮ್ ಡಾಕ್ಟ್ರಿಗೆ ಫೋನ್ ಮಾಡು ಅಂತ ಒಂದೇ ಸಮ ಅಂತವ್ಳೆ."

ಅಜ್ಜಂಪುರದಿಂದ ಕಡೂರಿಗೆ ಬಸ್ಸಿನಲ್ಲಿ ಕೂತ ಓಂಕಾರೇಶನಿಗೆ ಉಲ್ಬಣ ಎಂಬ ಪದ ಒಮ್ಮೆಯೂ ನೆನಪಾಗಲಿಲ್ಲ. ನೆನಪಾದದ್ದು ಬಿಳಿಚಿದ ಕಣ್ಣರೆಪ್ಪೆ. ಅದನ್ನು ತನ್ನ ಬೆರಳಿನಲ್ಲೇ ಜಗ್ಗಿ ನೋಡಿದ್ದ. ಮಣ್ಣು ತಿನ್ನುವ ಬಯಕೆಯೇ ರಕ್ತ ಕಮ್ಮಿಯಾದದ್ದರ ಗುರುತು ಎಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ. ಗೊತ್ತಿಲ್ಲದೆ ಮಾಡಿದ್ದರೆ ದಡ್ಡ ಎನ್ನಬಹುದಿತ್ತು. ಗೊತ್ತಿದ್ದು ಮಾಡಿದವನನ್ನು ಏನೆಂದು ಕರೆಯುವುದು ಎಂದು ಅವನು ಯೋಚಿಸಿದ, ಸಿಕ್ಕಿದ ಪದಗಳನ್ನೆಲ್ಲ ತನಗೇ ಹಾಕಿಕೊಂಡ.

ವಾರ್ಡಿನಲ್ಲಿ ದ್ಯಾಮಮ್ಮನಿಗೆ ರಕ್ತ ಹಾಕುತ್ತಿದ್ದರು. ಮಂಚದ ಒಂದು ಕಡೆ ಅಂಜಿನಪ್ಪ, ಇನ್ನೊಂದು ಕಡೆ ಅನಿತಾ. ಓಂಕಾರೇಶ ಕಾಲಿನ ಕಡೆ ನಿಂತ. ಆ ಹೊತ್ತಿಗೆ ಡ್ಯೂಟಿ ಡಾಕ್ಟರು ಬಂದರು, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ನಿದ್ದೆಗೆಟ್ಟ ಕಣ್ಣು.

"ಇಷ್ಟು ಕಮ್ಮಿ ರಕ್ತ ಇಟ್ಕೊಂಡು ಕೆಲಸಕ್ಕೆ ಹೋಗ್ತಿದ್ರಲ್ಲಮ್ಮ. ಐರನ್ ಮಾತ್ರೆ ಕೊಟ್ಟಿದ್ರು ಅಂತ ಹೇಳ್ತಿದೀರಿ. ಮತ್ಯಾಕೆ ತಗೊಳ್ಳಲಿಲ್ಲ? ಯಾರಾದ್ರೂ ನಿಲ್ಸಿ ಅಂದ್ರಾ?"

ದ್ಯಾಮಮ್ಮನ ಕಣ್ಣು ಕಾಲಿನ ಕಡೆಗೆ ಬಂತು. ಓಂಕಾರೇಶನ ಮೇಲೆ ಒಂದು ಗಳಿಗೆ ನಿಂತು ಹೊರಳಿತು.

"ಯಾರೂ ಅನ್ನಲಿಲ್ಲ ತಾಯಿ. ನಾನೇಯ ಮರ್ತುಬಿಟ್ಟೆ."

"ಮರೆಯೋದಾ? ಪ್ರಾಣದ ಮೇಲೆ ಇಷ್ಟೂ ಗಮನ ಇಲ್ವಾ? ಹೀಗೆ ಬಿದ್ದಾಗ ತಲೆ ಕಲ್ಲಿಗೆ ಬಡಿದಿದ್ರೆ? ಸುತ್ತ ಮಕ್ಕಳಿದ್ರಂತೆ, ಒಲೆ ಉರೀತಿತ್ತಂತೆ."

ಅಂಜಿನಪ್ಪ ಹೆಂಡತಿಯ ಮೇಲೆ ಹರಿಹಾಯ್ದ. "ಮೊದ್ಲಿಂದ್ಲೂ ಹಿಂಗೇ ಮೇಡಂ ಇವ್ಳು. ಹೇಳಿದ್ದೊಂದೂ ತಲೆಗೆ ಹೋಗಲ್ಲ." ಅನಿತಾ, "ದಿನಾ ಕೇಳ್ತಿದ್ದೆ, ನುಂಗ್ದೆ ನುಂಗ್ದೆ ಅಂತ ಸುಳ್ಳು ಹೇಳವ್ಳೆ" ಎಂದು ಅತ್ತಳು. ದ್ಯಾಮಮ್ಮ ಎಲ್ಲರ ಬೈಗುಳವನ್ನೂ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಓಂಕಾರೇಶ ಬಾಯಿ ತೆರೆದ. ಅಷ್ಟರಲ್ಲಿ ಆ ಹುಡುಗಿ ಇವನತ್ತ ತಿರುಗಿದಳು.

"ನೀವು ಯಾರು ಸಾರ್? ಇವರ ಕಡೆಯೋರಾ?"

"ಹ್ಞೂ" ಎಂದ ಓಂಕಾರೇಶ. "ಪರಿಚಯದವನು."

ಡಾಕ್ಟರು ಎಂದು ಕರೆಸಿಕೊಳ್ಳುವುದಕ್ಕಾಗಿ ಆಯುಷ್ಯವನ್ನೇ ತೇಯ್ದವನು ಹೀಗೆ ಹೇಳಿದ. ಅವನ ದನಿ ಇಳಿದುಹೋಗಿತ್ತು, ಅವಳು ಎರಡನೇ ಸಲ ಕೇಳಬೇಕಾಯಿತು.

ಆ ಹುಡುಗಿ ಮುಂದಿನ ಮಂಚಕ್ಕೆ, ಅಪ್ಪ ಮಗಳು ಔಷಧಿ ತರಲು ಹೊರಗೆ ಹೋದಾಗ ದ್ಯಾಮಮ್ಮ ಕಣ್ಣು ಬಿಟ್ಟಳು.

"ನಿಮ್ಗೊಂದು ಸುಳ್ಳು ಹೇಳ್ಬಿಟ್ಟಿದ್ದೆ ಸ್ವಾಮಿ. ಬಳಪ ಬಿಟ್ಟಿರ್ಲಿಲ್ಲ. ನೀವು ಅಷ್ಟು ಆಸೆ ಇಟ್ಕಂಡು ಕೇಳಿದ್ರಿ, ಇಲ್ಲ ಅನ್ನಾಕೆ ಮನ್ಸು ಬರ್ಲಿಲ್ಲ. ಅದ್ಕೇ ನಿಮ್ ಔಷ್ದಿ ನಾಟ್ಲಿಲ್ಲ ಅನ್ಸುತ್ತೆ. ನನ್ದೇ ತೆಪ್ಪು."

ಓಂಕಾರೇಶ ಮಂಚದ ಹತ್ತಿರ ಬಗ್ಗಿದ. ಅವಳ ಕೈ ಮುಟ್ಟಿದ. ತಣ್ಣಗಿತ್ತು.

"ಆ ಬಳಪದ ವಿಷ್ಯ ಯಾರ್ತಾವೂ ಬಾಯಿ ಬಿಟ್ಟಿಲ್ಲ ಅಲ್ವಾ ನೀವು?"

"ಇಲ್ಲಮ್ಮ" ಎಂದ. ತರೀಕೆರೆಯ ಇಡೀ ಹಾಲಿನ ನಗು ಕಿವಿಯಲ್ಲಿ ತುಂಬಿಕೊಂಡಿತ್ತು.

ಆಮೇಲಿನ ದಿನಗಳಲ್ಲಿ ಓಂಕಾರೇಶ ಕ್ಲಿನಿಕ್ಕಿಗೆ ಹೋದ, ಬಂದ. ಬೀರುವಿನ ಬಾಗಿಲು ತೆಗೆಯಲು ಕೈ ಬರುತ್ತಿರಲಿಲ್ಲ. ನೆಗಡಿಗೆ ಬಂದವರಿಗೆ ಬಿಸಿನೀರು ಕುಡಿಯಲು ಹೇಳಿ ಕಳಿಸಿದ. ಕೆಮ್ಮು ಬಿಡದ ಒಬ್ಬನನ್ನು, ಕಾಲು ಊದಿದ ಒಬ್ಬಳನ್ನು ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದಾಗ ಸೌಮ್ಯ, "ಯಾಕ್ರೀ, ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು. "ಏನಿಲ್ಲ" ಎಂದ. ಹೆಂಡತಿಗೆ ಹೇಳಿದರೆ ಸಮಾಧಾನ ಮಾಡುತ್ತಾಳೆ, ಸಮಾಧಾನ ಮಾಡಿಸಿಕೊಳ್ಳುವ ಯೋಗ್ಯತೆ ತನಗಿಲ್ಲ ಎಂದು ಅವನಿಗೆ ತೋರಿತು. ಅಥವಾ ಅದೂ ಒಂದು ನೆಪವೇ ಇರಬಹುದು. ಮೃತ್ಯುಂಜಯ ಡಾಕ್ಟರು ಫೋನು ಮಾಡಿ ದಾವಣಗೆರೆಗೆ ಸಿದ್ಧವಾಗಿದೀಯಾ ಎಂದು ಕೇಳಿದರು.

"ಆ ಕೇಸ್ ಬೇಡ ಸಾರ್."

"ಯಾಕಪ್ಪ? ಅಂಥಾ ಕೇಸು."

"ಇನ್ನೂ ಪೂರ್ತಿಯಾಗಿಲ್ಲ ಸಾರ್" ಎಂದ. ಅಷ್ಟು ಹೇಳಿ ಫೋನಿಟ್ಟು, ಇಷ್ಟಾದರೂ ನಿಜ ಹೇಳಲಿಲ್ಲವಲ್ಲ ಎಂದು ತನ್ನ ಮೇಲೆಯೇ ಅಸಹ್ಯಪಟ್ಟ.

ದ್ಯಾಮಮ್ಮ ಮನೆಗೆ ಬಂದಳೆಂದು ಅನಿತಾ ತಿಳಿಸಿದಳು. ಎರಡು ದಿನ ಕಳೆದು ಮತ್ತೆ ಫೋನು.

"ಸಾರ್, ಅವ್ವ ಮಾತ್ರೆ ನುಂಗ್ತಿಲ್ಲ. ನಮ್ ಡಾಕ್ಟ್ರನ್ನ ಕೇಳ್ದೆ ಮುಟ್ಟಲ್ಲ ಅಂತವ್ಳೆ. ಮೂರು ತಿಂಗಳು ಬಿಡ್ದಂಗೆ ನುಂಗ್ಬೇಕು, ಇಲ್ಲಾಂದ್ರೆ ಮತ್ತೆ ಇಲ್ಲಿಗೇ ಬತ್ತೀರಿ ಅಂತ ಮೇಡಂ ಹೇಳಿ ಕಳ್ಸವ್ರೆ. ನೀವೊಂದು ಮಾತು ಹೇಳ್ಬಿಡಿ, ಸ್ಪೀಕರ್ ಹಾಕ್ತೀನಿ."

ಎಷ್ಟು ಸುಲಭವಾಗಿತ್ತು. ಓಂಕಾರೇಶ ಕುರ್ಚಿಯಲ್ಲಿ ಕೂತೇ, "ದ್ಯಾಮಮ್ಮ, ಮಾತ್ರೆ ತಗೊಳ್ಳಿ, ಒಳ್ಳೇದು" ಎಂದ. ಆ ಕಡೆಯಿಂದ ದ್ಯಾಮಮ್ಮನ ದನಿ ಬಂತು.

"ಫೋನಲ್ಲಿ ಯಾರ್ ಬೇಕಾದ್ರೂ ಮಾತಾಡ್ತಾರೆ ಕಣೇ. ಮುಂದಿನ ವಾರ ಕಡೂರಿಗೆ ಹೋದಾಗ ಎದುರಾಎದುರು ಕೇಳ್ಕಂತೀನಿ."

ಮುಂದಿನ ವಾರದ ತನಕ ಕಾಯುವ ಹಾಗಿರಲಿಲ್ಲ. ಅವತ್ತೇ ಮಧ್ಯಾಹ್ನ ಓಂಕಾರೇಶ ಸಿಂಗಟಗೆರೆಗೆ ಹೊರಟ. ರೋಗಿಯ ಮನೆಗೇ ಹೋಗಿ ನೋಡುವ ಗಂಡನ ಬಗ್ಗೆ ಸೌಮ್ಯಳಿಗೆ ಹೆಮ್ಮೆಯಾಯಿತು, ಕಿತ್ತಳೆ ಹಣ್ಣು ಕಟ್ಟಿಕೊಟ್ಟಳು. ದಾರಿಯುದ್ದಕ್ಕೂ ಅವನು ಮಾತು ಹೊಂದಿಸಿಕೊಂಡ. ಮೊದಲಿನ ಔಷಧಿಯ ಕೆಲಸ ಮುಗಿಯಿತು, ಈಗ ಈ ಮಾತ್ರೆಯ ಸರದಿ. ಇಷ್ಟು ಹೇಳಿದರೆ ಅವಳು ನುಂಗುತ್ತಾಳೆ. ಅವಳ ಜೀವ ಉಳಿಯುವುದು ಮುಖ್ಯ, ತಪ್ಪು ಯಾರದೆಂದು ಈಗ ಕೆದಕಿ ಯಾರಿಗೆ ಏನು ಲಾಭ? ಈ ಮಾತು ಅವನಿಗೆ ಬಹಳ ನ್ಯಾಯವಾಗಿ ಕಂಡಿತು. ಹೆದರಿದವನ ಮನಸ್ಸಿಗೆ ನ್ಯಾಯ ಬೇಗ ಸಿಗುತ್ತದೆ.

ದ್ಯಾಮಮ್ಮ ಒಳಮನೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಇವನನ್ನು ಕಂಡವಳೇ ಏಳಲು ಹೋದಳು.

"ಕೂತ್ಕಳ್ಳಿ ಕೂತ್ಕಳ್ಳಿ" ಎಂದು ಓಂಕಾರೇಶ ಎದುರಿಗೆ ಕೂತ. ಹೊಂದಿಸಿಕೊಂಡು ಬಂದದ್ದನ್ನು ಒಪ್ಪಿಸಿದ. ಮೊದಲಿನದರ ಕೆಲಸ ಮುಗಿಯಿತು, ಇನ್ನು ಈ ಮಾತ್ರೆ. ದ್ಯಾಮಮ್ಮನ ಮುಖ ಅರಳಿತು.

"ನೋಡ್ದೇನೇ? ನಮ್ ಡಾಕ್ಟ್ರೇ ಹೇಳಿದ್ಮೇಲೆ ಸೈ. ತತ್ತಾ ನೀರು."

ಅನಿತಾ ನೀರು ತಂದಳು, ಮಾತ್ರೆಯ ಪಟ್ಟಿ ತಂದಳು. ಕೊಡುವ ಮೊದಲು ಓಂಕಾರೇಶನ ಕಡೆ ತಿರುಗಿದಳು.

"ಸಾರ್, ನೀವೊಂದ್ಸಲ ಗಟ್ಟಿಯಾಗಿ ಬೈದು ಹೋಗಿ. ನಮ್ ಮಾತಿಗಂತೂ ಬೆಲೆ ಇಲ್ಲ. ಮರ್ತೆ ಮರ್ತೆ ಅಂತ ಪ್ರಾಣಕ್ಕೇ ತಂದ್ಕಂಡಿದ್ಳು. ಅಪ್ಪ ಈಗ್ಲೂ ಮಾತಾಡಿಸ್ತಿಲ್ಲ. ಅಂಗನವಾಡಿ ಟೀಚರ್ರು ಮಕ್ಳ ಮಧ್ಯ ಹಿಂಗ್ ಬೀಳೋರು ಬೇಡ ಅಂತವ್ರೆ. ನೀವ್ ಬೈದ್ರೆ ನೆನಪಿಟ್ಕಂತಾಳೆ."

ದ್ಯಾಮಮ್ಮ ತಲೆ ತಗ್ಗಿಸಿದಳು. ಬೈಸಿಕೊಳ್ಳಲು ಸಿದ್ಧವಾಗಿ ಕೂತಳು. ಓಂಕಾರೇಶ ಸುಮ್ಮನಿರುವುದನ್ನು ಕಂಡು ಕತ್ತೆತ್ತಿ, ಬೈರಿ ಪರವಾಗಿಲ್ಲ ಎಂಬಂತೆ ಒಂದು ಸಲ ಕಣ್ಣಿನಲ್ಲೇ ಹೇಳಿದಳು.

ಅದನ್ನು ಓಂಕಾರೇಶನಿಗೆ ತಡೆಯಲಾಗಲಿಲ್ಲ.

"ನಿಮ್ಮವ್ವ ಮರೀಲಿಲ್ಲ ಕಣಮ್ಮ" ಎಂದ. "ನಾನು ನಿಲ್ಲಿಸಿದ್ದು."

ಅನಿತಾ ಅರ್ಥವಾಗದೆ ನೋಡಿದಳು.

"ಮೊದಲನೇ ಸಲ ಬಂದಾಗಲೇ ನಾನು ಆ ಮಾತ್ರೆ ಬೇಡ ಅಂದೆ. ರಕ್ತ ಕಮ್ಮಿ ಇದೆ ಅಂತ ಗೊತ್ತಿತ್ತು ನನಗೆ. ನನ್ನ ಔಷಧಿಯಿಂದಲೇ ವಾಸಿಯಾಯ್ತು ಅಂತ ನಾಕು ಜನದ ಮುಂದೆ ಹೇಳ್ಕೋಬೇಕು ಅಂತ ಆಸೆ ಇತ್ತು. ಅದಕ್ಕೆ ನಿಲ್ಸಿದೆ. ಹೇಳಿಕೊಂಡೂ ಬಂದೆ, ಬಳಪದ ವಿಷಯಾನೂ ಸೇರಿಸಿ. ಊರು ಹೆಸರು ಹೇಳಲಿಲ್ಲ, ಆದರೆ ಹೇಳಿದೆ, ಅವರೆಲ್ಲ ನಕ್ಕರು. ದ್ಯಾಮಮ್ಮ, ನಿಮ್ಮ ತಪ್ಪು ಇದರಲ್ಲಿ ಒಂದು ಕಾಳಿನಷ್ಟೂ ಇಲ್ಲ. ಅಂಜಿನಪ್ಪನವರಿಗೂ ನಾನೇ ಹೇಳ್ತೀನಿ. ಟೀಚರ್ ಹತ್ರಾನೂ ಹೇಳ್ತೀನಿ."

"ಯಾವ ಬಳಪ?" ಎಂದಳು ಅನಿತಾ.

ದ್ಯಾಮಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಆಗ ಓಂಕಾರೇಶನಿಗೆ ಗೊತ್ತಾಯಿತು, ತಪ್ಪು ಒಪ್ಪಿಕೊಳ್ಳುವ ಭರದಲ್ಲಿ ಅವಳ ಗುಟ್ಟನ್ನು ಅವಳ ಮಗಳ ಮುಂದೆಯೇ ಚೆಲ್ಲಿಬಿಟ್ಟೆ ಎಂದು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊನೆಗೆ ದ್ಯಾಮಮ್ಮನೇ ಸೆರಗು ಸರಿಸಿ, ಮಗಳ ಕೈಯಿಂದ ಪಟ್ಟಿ ತೆಗೆದುಕೊಂಡು, ಒಂದು ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಇಷ್ಟು ದೂರ ಬಂದು ಹೇಳಿದ್ರಲ್ಲ, ಬಿಡಿ ಸ್ವಾಮಿ" ಎಂದಳು, ಅವನ ಮುಖ ನೋಡದೆ. "ನಮ್ಮನೆಯೋರ್ಗೆ ಮಾತ್ರೆದಷ್ಟೇ ಹೇಳಿ. ಇನ್ನೊಂದು ಬ್ಯಾಡ." ಆಮೇಲೆ ಮಗಳಿಗೆ, "ಬಸ್ಸಿನ ಹೊತ್ತಾಯ್ತು, ಡಾಕ್ಟ್ರನ್ನ ಸ್ಟ್ಯಾಂಡಿನ ತನ್ಕ ಬಿಟ್ಟು ಬಾ" ಎಂದಳು.

ಅನಿತಾ ಜೊತೆಗೆ ಬಂದಳು. ದಾರಿಯಲ್ಲಿ ಅಂಜಿನಪ್ಪ ಕಾಯಿರಾಶಿಯ ಹತ್ತಿರ ಸಿಕ್ಕ. ಓಂಕಾರೇಶ ಅವನನ್ನು ಪಕ್ಕಕ್ಕೆ ಕರೆದು ಹೇಳಿದ. ಅಂಜಿನಪ್ಪ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, ಟವೆಲಿನಿಂದ ಮುಖ ಒರೆಸಿಕೊಂಡು ಮನೆಯ ಕಡೆ ನಡೆದ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಓಂಕಾರೇಶ. ಟೀಚರ ಮನೆಗೂ ಹೋಗಿ ಹೇಳಿದ್ದಾಯಿತು. ಅಂಗನವಾಡಿಯ ಕೆಲಸಕ್ಕೆ ತೊಂದರೆಯಿಲ್ಲ, ಹುಷಾರಾದ ಮೇಲೆ ಬರಲಿ ಎಂದರು ಆಕೆ. ಸ್ಟ್ಯಾಂಡಿಗೆ ಬರುವಾಗ ಅವನ ಎದೆ ಸ್ವಲ್ಪ ಹಗುರಾಗಿತ್ತು. ಎಲ್ಲವನ್ನೂ ಹೇಳಿಬಿಟ್ಟೆನಲ್ಲ, ಇನ್ನು ಯಾವುದೂ ಬಾಕಿ ಉಳಿಯಲಿಲ್ಲ ಎಂದು ಅನ್ನಿಸತೊಡಗಿತ್ತು.

ಕಡೂರಿನ ಬಸ್ಸು ದೂರದಲ್ಲಿ ಕಾಣಿಸಿತು. ಆಗ ಅನಿತಾ ಮೊದಲ ಸಲ ಬಾಯಿ ಬಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವುದೋ ಲೆಕ್ಕ ಕೂಡದಿದ್ದಾಗ ಕೇಳುವ ಹಾಗೆ ಕೇಳಿದಳು.

"ಸಾರ್, ಆಸ್ಪತ್ರೇಲಿ ನಾನು, ಅಪ್ಪ, ಆ ಮೇಡಂ, ಮೂರು ಜನಾನೂ ಅವ್ವನ್ನ ಬೈತಿದ್ವಲ್ಲ. ರಕ್ತದ ಸೂಜಿ ಚುಚ್ಚಿಸ್ಕಂಡು ಮಲಗಿದ್ಳು. ಅವಾಗ ನೀವೂ ಅಲ್ಲೇ ಇದ್ರಿ ಅಲ್ವಾ?"

"ಇದ್ದೆ" ಎಂದ ಓಂಕಾರೇಶ.

ಅನಿತಾ ತಲೆಯಾಡಿಸಿದಳು. ಬಸ್ಸು ಬಂದು ನಿಂತಿತು. ಅವಳು ಹಿಂತಿರುಗಿ ಮನೆಯ ಕಡೆ ಹೊರಟಳು, ಅವನು ಹತ್ತಿ ನಿಂತುಕೊಂಡ. ಸೀಟುಗಳು ಖಾಲಿಯಿದ್ದವು, ಮುಖಪರಿಚಯದ ಕಂಡಕ್ಟರ್ ಕೂತ್ಕೊಳ್ಳಿ ಡಾಕ್ಟ್ರೇ ಎಂದ. ಓಂಕಾರೇಶ ಕಡೂರಿನ ತನಕ ನಿಂತೇ ಇದ್ದ.